ಬರ್ತೀನಿ ಎಂದರೆ ಯಾವಾಗ?

ಒಂದು ಊರಿಗೆ ಓದಲು ಬಂದವರಿಗೆ ಆ ಊರನ್ನು ನೋಡಲು ಪುರುಸೊತ್ತೇ ಆಗುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಹುಡುಕಿ ಸೋತು, ವೀಸಾ ತೀರುವ ಹೊತ್ತಿಗೆ ನಾನು ಕಂಡಿದ್ದು ಸೆಲ್ಲಿ ಓಕ್‌ನ ಬಾಡಿಗೆ ಮನೆ, ಕ್ಲಾಸು ಮತ್ತು ನಾನು ಬಿಲ್ ಹಾಕುತ್ತಿದ್ದ ಅಂಗಡಿ ಮಾತ್ರ. ಧಾರವಾಡದಲ್ಲಿ ನಮ್ಮವರೆಲ್ಲ ನನ್ನನ್ನು ಇಂಗ್ಲೆಂಡ್ ನೋಡಿದವಳೆಂದೇ ತಿಳಿದಿದ್ದಾರೆ. ಅವರ ಮರ್ಯಾದೆಗಾದರೂ ಇರಲಿ ಎಂದು ಕೊನೆಯ ದಿನ ಪ್ರವಾಸಿಯಾದೆ.

ಬೆಳಿಗ್ಗೆಯೇ ಅವ್ವನ ಫೋನ್. "ಎಲ್ಲಾರಿಗೂ ಹೇಳಿ ಬಾ. ಹೋಗ್ತೀನಿ ಅನಬ್ಯಾಡ ಮತ್ತ, ಬರ್ತೀನಿ ಅನ್ನು."

"ಇಲ್ಲಿಗೆ ನಾ ಎಲ್ಲಿ ಮತ್ತ ಬರ್ತೀನವ್ವಾ?"

"ಬರೂದು ಬ್ಯಾರೆ, ಅನ್ನೂದು ಬ್ಯಾರೆ."

ನಿಜ. ಕೊತ್ತಂಬರಿ ತರಲು ಹೋಗುವವರೂ ನಮ್ಮಲ್ಲಿ ಬರ್ತೀನಿ ಅನ್ನುತ್ತಾರೆ, ಜಗಳವಾಡಿ ಎದ್ದ ಬೀಗರೂ ಅನ್ನುತ್ತಾರೆ. ಮತ್ತೆ ಬಂದರೆ ಹೇಗಪ್ಪಾ ಎಂದು ನಾವು ಹೆದರುವ ವಿಮೆಯವನಂತೂ ಎರಡು ಸಲ ಅನ್ನುತ್ತಾನೆ. ಯಾವಾಗ ಎಂದು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ.

ನಾನು ಹೇಳಿ ಹೋಗಬೇಕಾಗಿದ್ದದ್ದು ಒಬ್ಬರಿಗೇ, ಪಕ್ಕದ ಮನೆಯ ಡೋರೀನ್‌ಗೆ. ಎಂಬತ್ತು ದಾಟಿದವರನ್ನು ಬರಿ ಹೆಸರಿನಿಂದ ಕರೆಯಲು ನಾಲಿಗೆ ಏಳದೆ ನಾನು ಡೋರೀನಮ್ಮ ಅನ್ನುತ್ತಿದ್ದೆ. ಭಾರತದಲ್ಲಿ ತನ್ನ ಹೆಸರು ಸ್ವಲ್ಪ ಉದ್ದ ಎಂದು ಆಕೆ ತಿಳಿದಿದ್ದರು. ಪ್ರತಿ ಭಾನುವಾರ ಅವರ ಮನೆಯಲ್ಲಿ ನನಗೆ ಚಹಾ. ಮಂಡಿನೋವಿನಿಂದ ಆಕೆ ಪೇಟೆಯ ಕಡೆ ಹೋಗಿ ವರ್ಷಗಳೇ ಆಗಿವೆ. "ನನ್ನ ಪಾಲಿನದ್ದೂ ನೋಡಿಕೊಂಡು ಬಾ, ಬ್ಯಾಬ್" ಎಂದು ಕಳಿಸಿದರು. ಬ್ಯಾಬ್ ಎಂದರೆ ಆ ಊರಿನವರ ಬಾಯಲ್ಲಿ ನಮ್ಮ ಪುಟ್ಟಿ ಇದ್ದಂತೆ.

ಹೀಗೆ ಇಬ್ಬರ ಪಾಲಿನ ಊರು ನೋಡಿದೆ. ಮಾರುಕಟ್ಟೆಯ ಮುಂದಿನ ಕಂಚಿನ ಗೂಳಿಯನ್ನು ಮುಟ್ಟಿದ್ದೇ ತಡ, ಬಸವಣ್ಣನ ಗುಡಿಯ ಅಭ್ಯಾಸಕ್ಕೆ ಕೈ ತಾನಾಗಿ ಕಣ್ಣಿಗೆ ಹೋಯಿತು. ಸೆಲ್ಫಿ ತೆಗೆಯುತ್ತಿದ್ದವರು ಸ್ವಲ್ಪ ಸರಿದು ನಿಂತರು. ವೆನಿಸ್‌ಗಿಂತ ನಮ್ಮಲ್ಲೇ ಕಾಲುವೆ ಹೆಚ್ಚು ಎಂದು ಅಲ್ಲಿಯವರು ಜಂಬ ಕೊಚ್ಚುತ್ತಾರಲ್ಲ, ಆ ಕಾಲುವೆಯ ದಂಡೆಯಲ್ಲಿ ಬಾತುಕೋಳಿಗಳ ಜೊತೆ ಚಪಾತಿ ತಿಂದೆ. ದೊಡ್ಡ ಲೈಬ್ರರಿಯ ಮಹಡಿ ತೋಟದಿಂದ ದೂರದಲ್ಲಿ ವಿಶ್ವವಿದ್ಯಾಲಯದ ಗಡಿಯಾರದ ಗೋಪುರ ಕಂಡಿತು. ಅದರಾಚೆ ಎಲ್ಲೋ ಡೋರೀನಮ್ಮನ ಹೊಗೆಗೂಡು. ಇಷ್ಟು ಚೆಂದದ ಊರು ಇಷ್ಟು ದಿನ ಎಲ್ಲಿತ್ತು ಎಂದು ಸಿಟ್ಟು ಬಂತು, ಆಮೇಲೆ ಅಳು ಬಂತು. ಒಂದು ಕೆಲಸ ಸಿಕ್ಕಿದ್ದರೆ ಇದು ನನ್ನ ಊರೇ ಆಗುತ್ತಿತ್ತು.

ಸಂಜೆ ಡೋರೀನಮ್ಮ ನನ್ನ ಫೋನನ್ನು ಮೂಗಿಗೆ ಹಿಡಿದು ಪ್ರತಿ ಫೋಟೋ ನೋಡಿದರು. ಗಂಡನ ಜೊತೆ ಓಡಾಡುತ್ತಿದ್ದ ಕಾಲುವೆಯ ಸೇತುವೆ ಬಂದಾಗ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಚಹಾ ಮುಗಿಯಿತು. ಎದ್ದು ನಿಂತ ನನ್ನ ಬಾಯಿಂದ ಅವ್ವ ಹೇಳಿಕೊಟ್ಟ ಮಾತು ಇಂಗ್ಲಿಷಿನಲ್ಲಿ ಹೊರಬಿತ್ತು: "ಐ ವಿಲ್ ಕಮ್, ಡೋರೀನಮ್ಮ."

ಆಕೆಯ ಮುಖ ಅರಳಿತು. "ಯಾವಾಗ? ವೀಸಾ ಸಿಕ್ಕಿತಾ?"

ಎಂದೂ ಯಾರೂ ಕೇಳದ ಪ್ರಶ್ನೆ. ಇಲ್ಲ ಎಂದು ತಲೆಯಾಡಿಸಿದೆ. ಹೋಗುತ್ತೇನೆ ಅನ್ನುವುದು ನಮ್ಮಲ್ಲಿ ಅಶುಭ, ಅದಕ್ಕೆ ಹಾಗಂದೆ ಎಂದು ತೊದಲಿದೆ. ಅರಳಿದ್ದ ಮುಖ ಬಾಡುವುದನ್ನು ನೋಡುತ್ತ ನಿಲ್ಲುವುದಕ್ಕಿಂತ ಹೋಗ್ತೀನಿ ಎಂದಿದ್ದರೇ ವಾಸಿಯಾಗಿತ್ತು.

ಆಕೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ನನ್ನ ಕೆನ್ನೆ ತಟ್ಟಿ, "ಟರಾ ಅ ಬಿಟ್, ಬ್ಯಾಬ್" ಅಂದರು. ಅಂಗಡಿಯಲ್ಲೂ ಬಸ್ಸಿನಲ್ಲೂ ದಿನಾ ಕೇಳಿದ್ದ ಮಾತು. ಸ್ವಲ್ಪ ಹೊತ್ತಿಗೆ ಮಾತ್ರ ವಿದಾಯ ಎಂಬುದು ಅದರ ಅರ್ಥವೆಂದು ಅವತ್ತೇ ಹೊಳೆಯಿತು.

"ಸ್ವಲ್ಪ ಹೊತ್ತು ಅಂದರೆ ಎಷ್ಟು, ಡೋರೀನಮ್ಮ?"

ಅಳುತ್ತಲೇ ನಕ್ಕರು. "ಅದನ್ನು ನಮ್ಮಲ್ಲಿ ಯಾರೂ ಕೇಳೋದಿಲ್ಲ, ಬ್ಯಾಬ್."