ಪಾವಿನ ಬೀದಿಗೆ ಬಂದ ಬಸ್ಸು

ನನ್ನ ಗಂಡನ ಬಗ್ಗೆ ಭಾಷಣ ಮಾಡುವವರಿಗೆಲ್ಲ ಒಂದೇ ಪಾಠ ಬಾಯಿಗೆ ಬಂದುಬಿಟ್ಟಿದೆ. ಸರ್ಕಾರಿ ಬಸ್ ಸಂಸ್ಥೆಯ ಡಿಪೋದಲ್ಲಿ ಕಿರಿಯ ಎಂಜಿನಿಯರ್ ಆಗಿ ಸೇರಿದರು, ಕೊಯಮತ್ತೂರು ಭಾಗದ ಬಸ್ಸುಗಳಿಗೆಲ್ಲ ಮುಖ್ಯಸ್ಥರಾಗಿ ನಿವೃತ್ತರಾದರು, ಡ್ರೈವರುಗಳು ಮಲಗುವ ಕೋಣೆಗೆ ಫ್ಯಾನು ಹಾಕಿಸಿದರು, ಕೆಲಸಕ್ಕೆ ಬರುವ ಹೆಂಗಸರಿಗೆ ಬೇರೆ ಶೌಚಾಲಯ ಕಟ್ಟಿಸಿದರು, ಬೆಟ್ಟದಂಚಿನ ಹಳ್ಳಿಗಳಿಗೂ ಬಸ್ಸು ಬಿಟ್ಟರು. ಇದೆಲ್ಲ ನಿಜ. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಇದನ್ನೇ ಹೇಳಿದರು. ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದೆ. ಆದರೆ ಅವರು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಎಂದು ಮೈಕು ಹಿಡಿದ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತು. ಗೊತ್ತಿರುವವಳೇ ಬರೆಯಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಬರೆಯುವುದರಿಂದ ನನಗೊಂದು ಅನುಕೂಲವೂ ಇದೆ. ಅವರ ಮನೆಯವರು ತಲೆಮಾರುಗಳಿಂದ ಅವಿನಾಶಿಯ ಹತ್ತಿರದ ಊರೊಂದರಲ್ಲಿ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕನ್ನಡ ಅಕ್ಷರ ಮಾತ್ರ ಒಬ್ಬರಿಗೂ ಬಾರದು. ನಾನು ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದವಳು. ಮೊದಲ ವಾರ, ಹಕಾರ ನುಂಗುವ ಅವರ ಮಾತಿನ ರಾಗ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಆಮೇಲೆ ಇವರಿಗೆ ಅಕ್ಷರ ಕಲಿಸಲು ಹೊರಟೆ. "ಈ ವಯಸ್ಸಲ್ಲಿ ನಂಗೆ ಪಳ್ಳಿಕೂಡಾನಾ? ಚುಮ್ಮಾ ಇರು" ಎಂದು, ಶಾಲೆಯನ್ನೂ ತಮಿಳಿನಲ್ಲೇ ಹೇಳಿ ಜಾರಿಕೊಂಡರು. ಬದುಕಿದ್ದಾಗಲೇ ಓದದವರು ಈಗ ನನ್ನ ಬರಹದ ಮೇಲೆ ತಕರಾರು ತೆಗೆಯಲಾರರು.

ಅವರ ಕೆಲಸದ ರೀತಿಯೇ ಬೇರೆ. ಭಾನುವಾರ ಬೇರೆ ಗಂಡಂದಿರು ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ನನ್ನವರು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಬರುತ್ತಾರೆ ಎನ್ನುತ್ತಿದ್ದರು. ಒಮ್ಮೆ ತೊಂಡಾಮುತ್ತೂರಿನ ಕಡೆ ಬೆಟ್ಟ ನೋಡೋಣ ಎಂದು ಮೊಸರನ್ನ ಕಟ್ಟಿಕೊಂಡು ಹೊರಟೆವು. ದಾರಿಯ ಸ್ಟಾಪೊಂದರಲ್ಲಿ ಕರಿಬೇವಿನ ಮೂಟೆ ಹಿಡಿದು ನಿಂತಿದ್ದ ಹೆಂಗಸರನ್ನು ಕಂಡಕ್ಟರು ಹತ್ತಿಸಿಕೊಳ್ಳಲಿಲ್ಲ. ಇವರು ತಕ್ಷಣ ನನ್ನ ಕೈ ಹಿಡಿದು ಇಳಿದುಬಿಟ್ಟರು. ಮುಂದಿನ ಬಸ್ಸೂ ಆ ಹೆಂಗಸರನ್ನು ಬಿಟ್ಟುಹೋಯಿತು, ಅದರ ಮುಂದಿನದೂ ಬಿಟ್ಟುಹೋಯಿತು. ಮೊಸರನ್ನವನ್ನು ನಾವು ಅವರ ಮೂಟೆಗಳ ಪಕ್ಕ ಕೂತು ತಿಂದೆವು. "ಬಸ್ಸೊಳಗೆ ಇರೋರನ್ನ ನೋಡಿ ಏನಾಗ್ಬೇಕು? ಏರಕ್ಕಾಗದೆ ನಿಂತೋರನ್ನ ನೋಡ್ಬೇಕು" ಎಂದು ಇವರು ಹೇಳಿದ್ದು ಆವತ್ತೇ. ನನಗೆ ಸಿಟ್ಟು ನೆತ್ತಿಗೇರಿತ್ತು, ಬೆಟ್ಟ ನೋಡಲಾಗಲಿಲ್ಲವೆಂದು. ಮುಂದಿನ ವಾರದಿಂದ ಆ ದಾರಿಯಲ್ಲಿ ಮೂಟೆಗಳಿಗೆಂದು ಹಿಂದಿನ ಸೀಟು ಬಿಚ್ಚಿದ ಬಸ್ಸೊಂದು ಓಡತೊಡಗಿತು.

ಇಂಥವರಿಗೆ ಅವರ ಸ್ವಂತ ಬೀದಿಯೇ ಎದುರು ನಿಂತಿತು.

ಆ ಬೀದಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಹಾಸು ಎನ್ನುವ ನೂಲನ್ನು ಇಲ್ಲಿ ತಮಿಳರಂತೆ ಪಾವು ಎನ್ನುತ್ತಾರೆ. ಕೈಮಗ್ಗಕ್ಕೆ ಏರಿಸುವ ಮೊದಲು ಪಾವನ್ನು ಉದ್ದಕ್ಕೆ ಹರಡಿ, ಗಂಜಿ ಹಚ್ಚಿ, ಒಂದೊಂದು ಎಳೆಯೂ ಬಿಡಿಬಿಡಿಯಾಗುವಂತೆ ಬ್ರಷ್ಷಿನಲ್ಲಿ ತಿಕ್ಕಿ ಒಣಗಿಸಬೇಕು. ಅಷ್ಟುದ್ದದ ಜಾಗ ಯಾರ ಮನೆಯೊಳಗಿದೆ? ಹಾಗಾಗಿ ಬೀದಿಯೇ ಬೇಕು. ಬಿಸಿಲೇರಿ ಗಾಳಿ ಎದ್ದರೆ ನೂಲು ಕೆಡುತ್ತದೆ, ಹಾಗಾಗಿ ಬೆಳಗ್ಗೆಯೇ ಆಗಬೇಕು. ಒಬ್ಬರ ಪಾವಿಗೆ ಹತ್ತು ಮನೆಯವರು ಕೈ ಹಾಕುತ್ತಿದ್ದರು. ನಮ್ಮೂರಿನ ಪವರ್‌ಲೂಮ್ ಗದ್ದಲದಲ್ಲಿ ಬೆಳೆದ ನನಗೆ ಆ ನೋಟ ಎಷ್ಟು ನೋಡಿದರೂ ಸಾಲುತ್ತಿರಲಿಲ್ಲ. ಒದ್ದೆ ಪಾವು ಬೀದಿಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ನಿಂತಿರುತ್ತಿತ್ತು, ನಾಯಿ ಕೂಡ ಅದರಡಿ ಬಗ್ಗಿ ಹೋಗುತ್ತಿತ್ತು.

ಅದರ ನಡುವೆ ನಿಂತು ಎಲ್ಲರಿಗೂ ಹುಕುಂ ಹೊರಡಿಸುತ್ತಿದ್ದವರು ನನ್ನ ಗಂಡನ ಅಕ್ಕ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮುಣಿ ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಅಪ್ಪನ ಮಗ್ಗಕ್ಕೆ ಕೂತು, ತಮ್ಮನನ್ನು ಎಂಜಿನಿಯರಿಂಗ್ ಓದಿಸಿದವರು. ಅದನ್ನು ಅವರು ಒಂದು ಸಲವೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳದ್ದರಿಂದಲೇ ಇವರ ಮೇಲೆ ಅದರ ಭಾರ ಹೆಚ್ಚಾಗಿತ್ತು.

ಇವರು ಮುಖ್ಯಸ್ಥರಾದ ಹೊಸತರಲ್ಲಿ ಆ ಬೀದಿಯ ಹೆಂಗಸರು ನಮ್ಮ ಕೊಯಮತ್ತೂರಿನ ಮನೆಗೆ ಬಂದರು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಮಗ್ಗಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಹೆಣ್ಣುಮಕ್ಕಳೆಲ್ಲ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುತ್ತಿದ್ದರು, ಕೆಲವರು ಕಾಲೇಜಿಗೆ. ಬಸ್ಸು ಹಿಡಿಯಲು ಸೇಲಂ ರಸ್ತೆಯವರೆಗೆ ನಡೆಯಬೇಕು, ದಾರಿಯಲ್ಲಿ ಸಾರಾಯಿ ಅಂಗಡಿ. ಅದರ ಮುಂದೆ ಬೆಳಗಾಗುವ ಮೊದಲೇ ಕಾಯುವವರ ಬಾಯಿ ಎಂಥದೆಂದು ನಾನು ಬರೆಯುವುದಿಲ್ಲ. ಇಬ್ಬರು ಹುಡುಗಿಯರನ್ನು ಅಪ್ಪಂದಿರು ಅದೇ ಕಾರಣಕ್ಕೆ ಕಾಲೇಜು ಬಿಡಿಸಿದ್ದರು. ಊರೊಳಗೇ ಬೆಳಗಿನ ಬಸ್ಸು ಬರಬೇಕು ಎಂದು ಬಂದ ಹೆಂಗಸರು ಕೇಳಿದರು.

ಇವರು ಹೋಗಿ ನೋಡಿಕೊಂಡು ಬಂದರು. ಬಸ್ಸು ಬರುವಷ್ಟು ಅಗಲದ ದಾರಿ ಊರಿಗೆ ಒಂದೇ ಒಂದು, ಅದು ಪಾವಿನ ಬೀದಿ. ಕಂಪನಿಯ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕಾದರೆ ಪಾವು ಒಣಗುವ ಹೊತ್ತಿಗೇ ಬರಬೇಕು. ಬಸ್ಸು ಬಂದರೆ ಅತ್ತಿಗೆಯ ಮಗ್ಗ ನಿಂತಂತೆ. ಬಸ್ಸು ಬರದಿದ್ದರೆ ಹುಡುಗಿಯರು ನಿಂತಂತೆ.

ನಾನು ಅತ್ತಿಗೆಯ ಪರ. ಅದನ್ನು ಮುಚ್ಚಿಡುವುದು ನನ್ನ ಸ್ವಭಾವವಲ್ಲ. "ಬಸ್ಸು ಬಿಡೋಕೆ ನಿಮಗೆ ಬೇರೆ ಊರೇ ಸಿಗಲಿಲ್ವಾ? ಅನ್ನ ಹಾಕಿದ ಅಕ್ಕನ ನೂಲಿನ ಮೇಲೇ ಓಡಿಸ್ಬೇಕಾ?" ಎಂದು ತಟ್ಟೆಯ ಮುಂದೆಯೇ ಕೇಳಿದೆ.

ಅವರು ತುತ್ತು ಕೆಳಗಿಟ್ಟು, "ಬೇರೆ ಊರಲ್ಲಿ ಬೀದಿ ನಡುವೆ ಕಲ್ಲು ಇಟ್ಟಿದ್ರೆ ಎತ್ತಿಸ್ತಿದ್ದೆ. ನಮ್ಮಕ್ಕನ ಪಾವು ಅಂತ ಸುತ್ಕೊಂಡು ಓದ್ರೆ ಆ ಪುಳ್ಳೆಗಳಿಗೆ ಏನಂತ ಏಳ್ಳಿ?" ಎಂದರು. ಪುಳ್ಳೆಗಳೆಂದರೆ ಅವರ ಮಾತಿನಲ್ಲಿ ಮಕ್ಕಳು. ಆಮೇಲೆ ಊಟ ಮುಗಿಸದೆ ಎದ್ದರು. ನಾನೂ ಬಡಿಸಲಿಲ್ಲ.

ಮೊದಲ ಬಸ್ಸು ಬರುವ ದಿನವನ್ನು ಊರಿಗೆಲ್ಲ ಮುಂಚೆಯೇ ಹೇಳಿ ಕಳಿಸಿದ್ದರು. ಆವತ್ತು ನಾನೂ ಬಸ್ಸಿನಲ್ಲಿದ್ದೆ, ಏನಾಗುತ್ತದೆಂದು ನೋಡಲೇಬೇಕಿತ್ತು. ಬೀದಿಯ ಬಾಯಿಗೆ ತಿರುಗಿದರೆ ಪಾವು. ಇಡೀ ಬೀದಿಯುದ್ದಕ್ಕೂ ಗಂಜಿ ಹಚ್ಚಿದ ಒದ್ದೆ ಪಾವು, ನಡುವೆ ಬ್ರಷ್ಷು ಹಿಡಿದು ನಿಂತ ಅತ್ತಿಗೆ. ಅವರಿಗೆ ದಿನ ಗೊತ್ತಿಲ್ಲದೆ ಇರಲಿಲ್ಲ, ಗೊತ್ತಿದ್ದೇ ಹಾಕಿದ್ದರು. ಅರ್ಧದಲ್ಲಿ ಸುತ್ತಿದರೆ ಎಳೆಗಳು ಅಂಟಿಕೊಂಡು ಅಷ್ಟೂ ನೂಲು ಕಸ. ಇದು ತಮ್ಮನಿಗೂ ಗೊತ್ತು ಎಂಬುದೂ ಅವರಿಗೆ ಗೊತ್ತಿತ್ತು. ಡ್ರೈವರು ಹಾರ್ನ್ ಹೊಡೆದ. ಜಗಲಿಗಳ ಮೇಲೆ ಜನ ಸೇರಿದರು, ಹುಡುಗಿಯರು ಊಟದ ಚೀಲ ಹಿಡಿದು ಬೀದಿಯ ಬದಿಯಲ್ಲಿ ನಿಂತಿದ್ದರು.

ಇವರು ಎಂಜಿನ್ ಆರಿಸಲು ಹೇಳಿ ಕೆಳಗಿಳಿದರು. ಬೂಟು ಬಿಚ್ಚಿ ಜಗಲಿಯ ಬುಡದಲ್ಲಿಟ್ಟರು. ತೋಳು ಮಡಚಿ ಇನ್ನೊಂದು ಬ್ರಷ್ಷು ತೆಗೆದುಕೊಂಡು ಅಕ್ಕನ ಎದುರಿಗೆ, ಪಾವಿನ ಆ ಕಡೆ ನಿಂತರು. ಇಬ್ಬರೂ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ತಿಕ್ಕಿದರು. ಆಫೀಸಿನ ಕುರ್ಚಿಗೆ ಒಗ್ಗಿದ ಬೆನ್ನು ಆ ಕೆಲಸವನ್ನು ಮರೆತಿರಲಿಲ್ಲ. ನೂಲು ಒಣಗಿ ಸುತ್ತಿ ಮುಗಿಯುವವರೆಗೂ ಬಸ್ಸು ಅಲ್ಲೇ ನಿಂತಿತ್ತು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ಅಕ್ಕನಿಗೆ ಸೋತರು, ಇನ್ನು ಬಸ್ಸಿನ ಮಾತು ಮುಗಿಯಿತು ಅಂದುಕೊಂಡೆ.

ಪಾವಿನ ಸುರುಳಿಯನ್ನು ಅಕ್ಕನ ಕೈಗೆ ಕೊಟ್ಟು ಇವರು ಹೇಳಿದರು: "ಅಕ್ಕ, ನಾಳೆಯಿಂದ ದಿನಾ ಬರ್ತದೆ. ಞಾಯಿತ್ತುಕ್ಕಿಳಮೆ ಮಾತ್ರ ಬರಲ್ಲ, ಅವತ್ತು ಕಂಪನಿ ರಜಾ. ನೀನು ಅವತ್ತು ಪಾವು ಆಕು." ಭಾನುವಾರವೊಂದನ್ನು ಅಕ್ಕನಿಗೆ ಬಿಟ್ಟಿದ್ದರು.

ಅತ್ತಿಗೆ ತಮ್ಮನ ಮುಖವನ್ನೇ ನೋಡಿದರು. "ನಿನ್ ಬಸ್ಸು ರಜಾ ಕೊಟ್ಟ ದಿನ ನೋಡ್ಕೊಂಡು ನಾನ್ ನೇಯ್ಬೇಕಾ ತಂಬಿ?" ಎಂದು ಒಳಗೆ ಹೋದರು.

ಆ ಪಾವು ನೇಯ್ದು ಮುಗಿಸಿದ ಮೇಲೆ ಮಗ್ಗಕ್ಕೆ ಹಳೆಯ ಸೀರೆ ಹೊದಿಸಿದರು. ಆಮೇಲೆ ಪವರ್‌ಲೂಮಿನವರಿಗೆ ನೂಲು ಸುತ್ತಿಕೊಡುವ ಕೆಲಸ ಹಿಡಿದರು. ಅವರ ಕೈಗೆ ಅದು ತಕ್ಕ ಕೆಲಸವೇ ಅಲ್ಲ. ತಮ್ಮನ ಜೊತೆ ಮಾತು ಬಿಡಲಿಲ್ಲ, ಹಬ್ಬಕ್ಕೆ ಬಂದರೆ ಎಲೆ ಹಾಕಿ ಬಡಿಸುತ್ತಿದ್ದರು. ಆದರೆ ಆ ಬಸ್ಸನ್ನು ಮಾತ್ರ ಹತ್ತಲಿಲ್ಲ. ಅವಿನಾಶಿ ದೇವಸ್ಥಾನಕ್ಕೆ ಹೋಗಬೇಕಾದರೂ, ಆಸ್ಪತ್ರೆಗೆ ಹೋಗಬೇಕಾದರೂ ಕೊಡೆ ಹಿಡಿದು ಸೇಲಂ ರಸ್ತೆಯವರೆಗೆ ನಡೆದೇ ಹೋಗಿ ಬೇರೆ ಬಸ್ಸು ಹಿಡಿಯುತ್ತಿದ್ದರು. ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೂ ಅಷ್ಟೇ. ಮನೆಬಾಗಿಲಲ್ಲಿ ನಿಂತ ಬಸ್ಸನ್ನು ಪಕ್ಕಕ್ಕೆ ಸರಿದು ದಾಟಿ ಹೋಗುತ್ತಿದ್ದರು.

ಬಸ್ಸಿನಿಂದ ಏನಾಯಿತೆಂದು ಬೀದಿಗೆ ಹೋದರೆ ಯಾರು ಬೇಕಾದರೂ ಹೇಳುತ್ತಾರೆ. ಕಾಲೇಜು ಬಿಟ್ಟ ಇಬ್ಬರಲ್ಲಿ ಒಬ್ಬಳು ಮತ್ತೆ ಸೇರಿ ಓದಿ ಈಗ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಾಳೆ, ಇನ್ನೊಬ್ಬಳಿಗೆ ಅಷ್ಟರಲ್ಲಿ ಮದುವೆಯಾಗಿಹೋಗಿತ್ತು. ಇವರು ಅದನ್ನೆಲ್ಲ ಹೆಮ್ಮೆಯಿಂದ ಕೇಳುತ್ತಿದ್ದರು. ಆದರೆ ನಾನು ಊರಿಗೆ ಹೋಗಿ ಬಂದಾಗಲೆಲ್ಲ ಚೀಲ ಕೆಳಗಿಡುವ ಮೊದಲೇ ಒಂದು ಪ್ರಶ್ನೆ ಬರುತ್ತಿತ್ತು: "ಅಕ್ಕ ಏರಿದ್ಳಾ?"

ಇಲ್ಲ ಎನ್ನುತ್ತಿದ್ದೆ. ಸರಿ ಎಂದು ಪೇಪರು ಬಿಡಿಸುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಅಕ್ಕತಮ್ಮನ ಹಟದ ನಡುವೆ ಸುಳ್ಳು ಹೇಳಿ ನಾನು ಕೆಟ್ಟವಳಾಗಲು ತಯಾರಿರಲಿಲ್ಲ. ಯಾರು ಸರಿ ಎಂದು ನನ್ನನ್ನು ಕೇಳಿದರೆ ಇವತ್ತಿಗೂ ಇಬ್ಬರೂ ಸರಿ ಎನ್ನುತ್ತೇನೆ, ತೊಂದರೆ ಇದ್ದದ್ದೇ ಅಲ್ಲಿ.

ಕಳೆದ ವರ್ಷ ಅವರು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಟ್ಟಿದ ಬೀದಿಗೇ ಕರೆತಂದೆವು. ಮನೆ ಚಿಕ್ಕದು, ಬಂದವರು ಬಹಳ. ಹಾಗಾಗಿ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ, ಅವರನ್ನು ಮಲಗಿಸಿದ ಐಸ್ ಪೆಟ್ಟಿಗೆಯನ್ನು ಅದರ ನಡುವೆ ಇಟ್ಟು, ಮನೆಯೊಳಗಿಂದ ವೈರು ಎಳೆದಿದ್ದರು. ಬೆಳಗ್ಗೆ ಜನ ಬರುತ್ತಲೇ ಇದ್ದರು. ಆ ಹೊತ್ತಿಗೆ ಬೀದಿಯ ಬಾಯಲ್ಲಿ ಬಸ್ಸು ಕಾಣಿಸಿತು.

ಡ್ರೈವರು ಶಾಮಿಯಾನ ನೋಡಿ ನಿಲ್ಲಿಸಿದ. ಇಳಿದು ಬಂದು ಪೆಟ್ಟಿಗೆಯ ಮುಂದೆ ಕೈ ಮುಗಿದ. ಕಂಡಕ್ಟರೂ ಬಂದ. ಇವತ್ತು ಗಾಡಿ ಒಳಗೆ ತರುವುದಿಲ್ಲ, ಹಿಂದಕ್ಕೆ ತಿರುಗಿಸುತ್ತೇವೆ ಎಂದರು. ನಾನೂ ಹೂಂ ಅಂದೆ. ಜೀವನವೆಲ್ಲ ಬಸ್ಸಿಗೇ ಕೊಟ್ಟವರು, ಇದೊಂದು ದಿನವಾದರೂ ಬಸ್ಸು ಅವರಿಗೋಸ್ಕರ ಕಾಯಲಿ ಎಂದು ನನಗೆ ರೋಷವೇ ಬಂದಿತ್ತು. ಹುಡುಗಿಯರು ಆಗಲೇ ಚೀಲ ಹಿಡಿದು ಸೇಲಂ ರಸ್ತೆಯ ಕಡೆ ನಡೆಯಲು ಹೊರಟಿದ್ದರು.

ಪೆಟ್ಟಿಗೆಯ ತಲೆಯ ಹತ್ತಿರ ಕೂತಿದ್ದ ಅತ್ತಿಗೆ ಕುರ್ಚಿ ಹಿಡಿದು ಎದ್ದರು. ಹುಡುಗಿಯರನ್ನು ಕೂಗಿ ನಿಲ್ಲಿಸಿದರು. ಆಮೇಲೆ ಡ್ರೈವರಿಗೆ, "ವಂಡಿಯೆ ಎಡುಂಗ ತಂಬಿ, ಪುಳ್ಳೈಂಗಳುಕ್ಕು ನೇರಮಾಚ್ಚು" ಎಂದರು. ಗಾಡಿ ತೆಗಿ, ಮಕ್ಕಳಿಗೆ ಹೊತ್ತಾಯಿತು ಎಂದು; ಇಲ್ಲಿಯವರಿಗೆ ನೇರ ಎಂದರೆ ಹೊತ್ತು. ಡ್ರೈವರು ಅಲುಗಾಡದೆ ನನ್ನ ಮುಖ ನೋಡಿದ. ನಾನು, "ಅತ್ತಿಗೆ, ಇವತ್ತೊಂದು ದಿನ ಬಿಡಿ" ಎಂದೆ.

"ಇವತ್ತು ನಿಂತ್ರೆ ಅವ್ನು ನನ್ ಪಾವು ಎತ್ತಿಸಿದ್ದು ಯಾತಕ್ಕೆ, ಅಮ್ಮುಣಿ?" ಎಂದರು ಅತ್ತಿಗೆ.

ಅವರೇ ಬಗ್ಗಿ ವೈರು ಕಿತ್ತರು. ಗಂಡಸರು ಶಾಮಿಯಾನದ ಒಂದು ಬದಿಯ ಹಗ್ಗ ಬಿಚ್ಚಿದರು, ಕುರ್ಚಿಗಳನ್ನು ಜಗಲಿಗೆ ಎಸೆದರು, ನಾಲ್ಕು ಜನ ಪೆಟ್ಟಿಗೆ ಎತ್ತಿ ಮನೆಯ ಗೋಡೆಗೆ ಒತ್ತಿ ಇಟ್ಟರು. ಹುಡುಗಿಯರು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದರು. ಬಸ್ಸು ಹಾರ್ನ್ ಹೊಡೆಯದೆ, ಮೆಲ್ಲಗೆ, ಇವರ ಪೆಟ್ಟಿಗೆಯ ಪಕ್ಕದಲ್ಲೇ ದಾಟಿ ಹೋಯಿತು. ಅದು ಬೀದಿ ತಿರುಗುವವರೆಗೂ ಅತ್ತಿಗೆ ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ನಿಂತಿದ್ದರು, ಆಮೇಲೆ ಗಾಜಿನ ಮೇಲೆ ಬಗ್ಗಿ ತಮ್ಮನಿಗೆ ಹೇಳಿದರು: "ಓಯ್ತು ತಂಬಿ. ನೇರಕ್ಕೆ ಓಯ್ತು."