ಬಾಟ್ಲಿಯಪ್ಪನ ತಿಳಿನೀರು

ನೀರು ಪರೀಕ್ಷಿಸುವ ಕಚೇರಿಯಲ್ಲಿ ಅವನ ಕೆಲಸ ಒಂದೇ: ಹೊಳೆಯ ನೀರನ್ನು ಬಾಟ್ಲಿಗೆ ತುಂಬಿಸಿ ತರುವುದು. ಹದಿನೆಂಟು ವರ್ಷ ಅದನ್ನೇ ಮಾಡಿದ್ದಕ್ಕೆ ಊರು ಅವನಿಗೆ ಬಾಟ್ಲಿಯಪ್ಪ ಎಂದು ಹೆಸರಿಟ್ಟಿತ್ತು. ಸೋಮವಾರ ಒಂಬತ್ತಕ್ಕೆ ಹೊರಟರೆ ಹತ್ತೂವರೆಗೆ ಸಾಹೇಬರ ಮೇಜಿನ ಮೇಲೆ ಬಾಟ್ಲಿ ಹಾಜರು. ಎಲ್ಲಿಂದ ತಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ.

ತರಬೇಕಾದದ್ದು ಹರಳಿನ ಗುಂಡಿಗಳ ಕೆಳಗಿನಿಂದ. ಅಲ್ಲಿ ದಡದುದ್ದಕ್ಕೂ ಜನ ಗುಂಡಿ ತೋಡಿ, ಜಲ್ಲಿಯನ್ನು ಜರಡಿಯಲ್ಲಿ ತೊಳೆದು, ಬಣ್ಣದ ಹರಳು ಹುಡುಕುತ್ತಾರೆ. ಹರಳು ಪೇಟೆಗೆ, ಕೆಸರು ಹೊಳೆಗೆ. ಮೊದಲ ವಾರ ಬಾಟ್ಲಿಯಪ್ಪ ಪಾಪ, ಮೊಣಕಾಲುದ್ದ ರಾಡಿಯಲ್ಲಿಳಿದು ಅಲ್ಲಿನ ನೀರನ್ನೇ ತಂದಿದ್ದ.

"ಇದೇನಯ್ಯ, ನೀರು ತಾ ಅಂದ್ರೆ ಟೀ ತಂದಿದ್ದೀಯ? ಯಂತ್ರ ಹಾಳಾಗಲ್ವಾ?" ಎಂದು ಸಾಹೇಬರು ರೇಗಿದರು.

ಮರುವಾರದಿಂದ ಅವನು ಗುಂಡಿಗಳಿಗಿಂತ ಮೇಲೆ, ಬಂಡೆಯೊಂದರ ಮೇಲೆ ಕೂತು ತಿಳಿನೀರು ತುಂಬಿಸತೊಡಗಿದ. ಸಾಹೇಬರಿಗೂ ಖುಷಿ, ಯಂತ್ರಕ್ಕೂ ಖುಷಿ, ಇವನ ಚಪ್ಪಲಿಯೂ ಒದ್ದೆಯಾಗುತ್ತಿರಲಿಲ್ಲ. ಇಂಥ ಸುಖ ಬಿಟ್ಟು ಕೆಸರಿಗಿಳಿಯಲು ಅವನಿಗೇನು ತಲೆ ಕೆಟ್ಟಿತ್ತೆ?

"ಕುಡಿಯಲು ಯೋಗ್ಯ" ಎಂಬ ವರದಿ ಹೊಳೆ ನೀರನ್ನೇ ಕೆಸರು ತಳಕ್ಕಿಳಿಸಿ ಹಂಚುವ ಕೆಳಗಿನ ಹಳ್ಳಿಯ ಪಂಪ್‌ಹೌಸ್ ಗೋಡೆಗೆ ತಪ್ಪದೆ ಅಂಟುತ್ತಿತ್ತು. ಸಾಹೇಬರ ಸಹಿ, ಅದರಡಿ ನೀರು ತಂದವನ ಸಹಿ. ಆ ಹಳ್ಳಿಯವರೇ ಅವನ ಮಗಳನ್ನು ಸೊಸೆ ಮಾಡಿಕೊಂಡರು. ಬೀಗರ ಮನೆಗೆ ಹೋಗುವಾಗ ಬಾಟ್ಲಿಯಪ್ಪ ಮನೆಯಿಂದಲೇ ನೀರು ಒಯ್ಯುತ್ತಿದ್ದ. ಕೇಳಿದರೆ, ಕಚೇರಿಯ ಅಭ್ಯಾಸ ಎನ್ನುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ.

ಮೊನ್ನೆ ಮಗಳು ಫೋನಿನಲ್ಲಿ ಅತ್ತಳು. "ಅಪ್ಪ, ಪಾಪುಗೆ ನಾಲ್ಕು ದಿನದಿಂದ ಭೇದಿ ನಿಲ್ತಿಲ್ಲ. ಡಾಕ್ಟ್ರು ನೀರು ಬದಲಾಯ್ಸಿ ಅಂದ್ರು. ದೂರದ ಬಾವಿಯಿಂದ ತರ್ತೀನಿ ಅಂದ್ರೆ ಮಾವ ಬಿಡ್ತಿಲ್ಲ. ನಿಮ್ಮಪ್ಪನೇ ಸಹಿ ಹಾಕಿರೋ ನೀರು, ಅವ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತಾರೆ."

ಅಂದು ಸೋಮವಾರವಲ್ಲ. ಆದರೂ ಅವನು ಓಡಿ, ಕೆಸರಿಗಿಳಿದು, ಕೆಂಪು ನೀರು ತುಂಬಿಸಿ ಸಾಹೇಬರ ಮುಂದಿಟ್ಟ.

"ಹದಿನೆಂಟು ವರ್ಷ ಚೆನ್ನಾಗಿದ್ದ ನೀರು ಒಂದೇ ದಿನಕ್ಕೆ ಕೆಡುತ್ತಾ? ಬಾಟ್ಲಿ ಕೊಳೆಯಾಗಿದೆ, ತೊಳ್ಕೊಂಡು ಬಾ."

"ಸಾರ್, ಇಷ್ಟು ವರ್ಷ ನಾನು ಕೆಳಗಿನ ನೀರು ತಂದೇ ಇಲ್ಲ."

ಸಾಹೇಬರು ಎದ್ದು ಬಾಗಿಲು ಹಾಕಿದರು. "ಮೆಲ್ಲಗೆ ಮಾತಾಡಯ್ಯ. ಕಾಗದದಲ್ಲಿ ನನ್ನ ಸಹಿಯೂ ಇದೆ."

ಬಾಟ್ಲಿಯಪ್ಪ ಅಲ್ಲಿಂದ ನೆಟ್ಟಗೆ ಪಂಪ್‌ಹೌಸಿಗೆ ಹೋಗಿ, ಗೋಡೆಯ ಮೇಲಿನ ವರದಿಯನ್ನು ಪರಪರ ಹರಿದ. ನೀರಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಬೀಗರು ಓಡಿಬಂದು ಕೈ ಹಿಡಿದರು.

"ಏನ್ ಬೀಗ್ರೆ ಇದು, ಸರ್ಕಾರದ ಕಾಗದ!"

"ಸುಳ್ಳು ಕಾಗದ ಬೀಗ್ರೆ. ನಾನು ಮೇಲಿನ ನೀರು ತೋರಿಸಿ ನಿಮಗೆ ಇದನ್ನ ಕುಡಿಸ್ದೆ."

ಸಾಲಿನ ಮುಂದಿದ್ದ ಮಗಳು ಆಗಷ್ಟೇ ತುಂಬಿದ ಕೊಡವನ್ನು ಅಲ್ಲೇ ಬಗ್ಗಿಸಿ ಚೆಲ್ಲಿದಳು. ಹೆಗಲ ಮೇಲೆ ಬಾಡಿ ಮಲಗಿದ್ದ ಮಗುವನ್ನು ಸರಿಮಾಡಿಕೊಂಡು ಬಾವಿಯ ದಾರಿ ಹಿಡಿದಳು. ಅವನು ಹಿಂದೆಯೇ ಹೋಗಿ ಕೊಡಕ್ಕೆ ಕೈ ಚಾಚಿದ.

"ಕೊಡಮ್ಮ, ನಾನು ತರ್ತೀನಿ."

ಅವಳು ಕೊಡವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಬೇಡಪ್ಪ. ನೀವು ತಂದ ನೀರು ಬೇಡ."