ನೂರು ಊರು, ಆರು ಕವಡೆ

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಆರೋಗ್ಯ ಕಚೇರಿಯಲ್ಲಿ ನಾನು ಕೆಲಸ ಕಲಿತದ್ದು ಒಬ್ಬ ಗುಮಾಸ್ತರ ಪಕ್ಕದಲ್ಲಿ ಕೂತು. ಇದನ್ನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಅಕ್ಕಲಕೋಟೆ ರಸ್ತೆಯ ತಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಅವರು ಊರ ಬಾವಿಯ ನೀರನ್ನು ತಂಬಿಗೆಯಲ್ಲಿ ತರುತ್ತಿದ್ದರು. ಯಾರು ಯಾವ ರೋಗದ ಲೆಕ್ಕ ತಂದರೂ ಕನ್ನಡಕವನ್ನು ಹಣೆಗೇರಿಸಿ, “ಎಷ್ಟು ಊರು ನೋಡೀರಿ?” ಎಂದು ಕೇಳುವರು.

ಒಂದು ವರ್ಷ ನೂರು ಊರುಗಳ ಕಾಮಾಲೆ ಲೆಕ್ಕದಲ್ಲಿ ಅವರ ಊರೇ ಎಲ್ಲಕ್ಕಿಂತ ಮೇಲೆ ಬಂತು. ಕಚೇರಿಯ ಮುಖ್ಯಸ್ಥರಾದ ಸಾಹೇಬರು ಅಲ್ಲಿಯ ಬಾವಿ ಮುಚ್ಚಿಸಲು ಹೊರಟರು. ಗುಮಾಸ್ತರು ಚೌಕಾಬಾರದ ಆರು ಕವಡೆ ತಂದು, ಸಾಹೇಬರ ಎದುರೇ ಊರಿಗೊಮ್ಮೆಯಂತೆ ನನ್ನಿಂದ ನೂರು ಸಲ ಹಾಕಿಸಿದರು. ಎರಡು ಊರುಗಳ ಸರದಿಯಲ್ಲಿ ಆರೂ ಅಂಗಾತ ಬಿದ್ದವು.

“ಈ ಎರಡೂರು ಏನ್ ತಪ್ಪು ಮಾಡ್ಯಾವ್ರಿ, ಸಾಹೇಬ್ರ? ನೂರು ಊರು ನೋಡಿದ್ರ ಒಂದೆರಡು ಸುಮ್ಮನ ಮ್ಯಾಲ ಬರ್ತಾವ. ಮೊದಲ ನೀರು ತಪಾಸ ಮಾಡಸ್ರಿ.”

“ನಿಮ್ಮೂರು ಅಂತ ಹೇಳಾಕತ್ತೀರಿ,” ಎಂದರು ಸಾಹೇಬರು.

“ನಮ್ಮೂರು ಅಂತನ ನಮ್ಮ ಬಾವಿ ಮೊದಲ ನೋಡ್ರಿ ಅನ್ನಾಕತ್ತೀನಿ.”

ನೀರು ಶುದ್ಧವೆಂದು ವರದಿ ಬಂದ ಮಧ್ಯಾಹ್ನ ಸಾಹೇಬರು ಅದನ್ನು ತಾವೇ ಹಿಡಿದು ನಮ್ಮ ಮೇಜಿನ ಬಳಿ ಬಂದರು. ಗುಮಾಸ್ತರು ಅದನ್ನು ಓದುತ್ತಿರುವಾಗಲೇ ಸಾಹೇಬರು ಅವರ ತಂಬಿಗೆ ಎತ್ತಿ, ತಳ ಕಾಣುವವರೆಗೆ ಕುಡಿದರು.